ಕೊಲೆಗಳ ಊರು ಫ್ಯೆಲ್‌ಬಾಕಾದಲ್ಲಿ ಲಾಬ್‌ಸ್ಟರ್ ಸೋಮವಾರ

ಶನಿವಾರ

ಫ್ಯೆಲ್‌ಬಾಕಾ ಸ್ವೀಡನ್ನಿನ ಪಶ್ಚಿಮ ಕರಾವಳಿಯ ಒಂದು ಮೀನುಗಾರರ ಊರು. ಗೋಥೆನ್‌ಬರ್ಗ್‌ನಿಂದ ಉತ್ತರಕ್ಕೆ ಸುಮಾರು 140 ಕಿಲೋಮೀಟರ್. ವರ್ಷವಿಡೀ ಇಲ್ಲೇ ಇರುವ ಜನ ಸಾವಿರವೂ ಇಲ್ಲ. ಆದರೂ ಪತ್ತೇದಾರಿ ಕಾದಂಬರಿ ಓದುವವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಕಮಿಲಾ ಲೆಕ್‌ಬರ್ಗ್ ಹುಟ್ಟಿದ ಊರಿದು. ಅರ್ಥಶಾಸ್ತ್ರ ಓದಿ, ಸ್ಟಾಕ್‌ಹೋಮ್‌ನಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟು ಬರೆಯಲು ಕೂತವರು ಅವರು. ಮೊದಲ ಕಾದಂಬರಿ ಬಂದದ್ದು 2003ರಲ್ಲಿ. ಅಲ್ಲಿಂದೀಚೆಗೆ ಎರಿಕಾ ಫಾಲ್ಕ್ ಎಂಬ ಬರಹಗಾರ್ತಿ, ಪ್ಯಾಟ್ರಿಕ್ ಹೆಡ್‌ಸ್ಟ್ರೋಮ್ ಎಂಬ ಪೊಲೀಸ್ ಅಧಿಕಾರಿ ಸೇರಿ ಈ ಊರಿನಲ್ಲಿ ಬಿಡಿಸಿದ ಕೊಲೆಗಳು ಒಂದೆರಡಲ್ಲ.

ನನ್ನ ಅಕ್ಕ ಗೋಥೆನ್‌ಬರ್ಗ್‌ನಲ್ಲಿದ್ದಾಳೆ. ನಾವಿಬ್ಬರೂ ಈ ಸರಣಿಯನ್ನು ಇಂಗ್ಲಿಷಿನಲ್ಲಿ ಓದಿದವರು, ಕೊಲೆಗಾರ ಯಾರಿರಬಹುದು ಅಂತ ಫೋನಿನಲ್ಲಿ ಗಂಟೆಗಟ್ಟಲೆ ವಾದ ಮಾಡಿದವರು. ಜುಲೈನಲ್ಲಿ ಬೇಡ, ಸೆಪ್ಟೆಂಬರ್ ಕೊನೆಗೆ ಹೋಗೋಣ ಅಂದದ್ದು ಅವಳೇ. ಬೇಸಿಗೆಯಲ್ಲಿ ಇಲ್ಲಿ ಜನ ಹಲವು ಪಟ್ಟು ಜಾಸ್ತಿ ಆಗುತ್ತಾರೆ. ದೋಣಿ ನಿಲ್ಲಿಸಲೂ ಜಾಗ ಇರುವುದಿಲ್ಲ. ಕಾದಂಬರಿಯಲ್ಲಿ ಬರುವ ಊರು ಬೇಕಿದ್ದರೆ ಬೇಸಿಗೆಯವರು ಬಾಗಿಲು ಹಾಕಿ ಹೋದ ಮೇಲೆ ಬರಬೇಕು. ದೊಡ್ಡ ಕೊಂಡಿಗಳಿರುವ, ಸಿಗಡಿಯಂಥ ಲಾಬ್‌ಸ್ಟರ್ ಹಿಡಿಯುವ ಹಂಗಾಮು ಶುರುವಾಗುವುದೂ ಆಗಲೇ.

ಡಿಂಗ್ಲೆವರೆಗೆ ರೈಲು, ಅಲ್ಲಿಂದ ಬಸ್ಸು. ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಹೊಲ, ಪೈನ್ ಮರ, ನಡುನಡುವೆ ಬೋಳು ಬಂಡೆ. ಊರಿಗೆ ಇಳಿದ ಕೂಡಲೇ ಕಣ್ಣು ಮೇಲಕ್ಕೆ ಹೋಗುತ್ತದೆ. ಮನೆಗಳ ಬೆನ್ನಿಗೇ ವೆಟ್ಟೆಬೆರಿಯೆಟ್ ಎಂಬ ಗ್ರಾನೈಟ್ ಗುಡ್ಡ, 70 ಮೀಟರಿಗಿಂತ ಎತ್ತರ. ಬಿಳಿ, ಕೆಂಪು, ಹಳದಿ ಬಣ್ಣದ ಮರದ ಮನೆಗಳು ಅದರ ಬುಡಕ್ಕೆ ಅಂಟಿಕೊಂಡು ನಿಂತಿವೆ. ಮುಂದೆ ಸಮುದ್ರ, ಹಿಂದೆ ಬಂಡೆ. ಮನೆಗಳು ಹರಡಿಕೊಳ್ಳಲು ಜಾಗವೇ ಇಲ್ಲ. ಒಬ್ಬರ ಅಡುಗೆಮನೆ ಕಿಟಕಿಯಿಂದ ಇನ್ನೊಬ್ಬರ ಹಿತ್ತಿಲು ಕಾಣುತ್ತದೆ.

ಸಂಜೆ ಊಟ ಮುಗಿಸಿ ಓಣಿಗಳಲ್ಲಿ ನಡೆದೆವು. ಸ್ವೀಡನ್ನಿನ ಮನೆಗಳಲ್ಲಿ ಕಿಟಕಿ ಕಟ್ಟೆಯ ಮೇಲೊಂದು ಪುಟ್ಟ ದೀಪ ಇಡುವುದು ರೂಢಿ. ಪರದೆ ಎಳೆಯುವುದು ಕಡಿಮೆ. ಸಾಲು ಮನೆಗಳಲ್ಲಿ ದೀಪ ಉರಿಯುತ್ತಿತ್ತು. ಜನ ಇದ್ದಾರೆ ಅಂತ ಖುಷಿಯಾಯಿತು. ಹತ್ತಿರ ಹೋದರೆ ಒಳಗೆ ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿದ್ದರು. ಮುಂದಿನ ಮನೆಯಲ್ಲಿ ಸೋಫಾಕ್ಕೆ ಬಿಳಿ ಬಟ್ಟೆ ಹೊದಿಸಿತ್ತು. ಫ್ರಿಜ್ಜಿನ ಬಾಗಿಲು ತೆರೆದು, ಮುಚ್ಚಿಕೊಳ್ಳದ ಹಾಗೆ ನಡುವೆ ಟವೆಲ್ ಸಿಕ್ಕಿಸಿದ್ದರು. ಕಿಟಕಿಯಲ್ಲಿ ಮಾತ್ರ ದೀಪ. ನಾವು ನೋಡುತ್ತಿದ್ದಂತೆ ಆ ಮನೆಯ ದೀಪ ಆರಿತು. ಸ್ವಲ್ಪ ಹೊತ್ತಿಗೆ ಎದುರು ಮನೆಯದ್ದೂ ಆರಿತು. ನಾವು ಉಳಿದುಕೊಂಡ ಮನೆಯ ಹೆಂಗಸನ್ನು ಕೇಳಿದಾಗ, ಎಲ್ಲಾ ಟೈಮರ್ ಅಂದರು. ಈ ಓಣಿಯಲ್ಲಿ ಚಳಿಗಾಲಕ್ಕೆ ಉಳಿಯುವವರು ತಾವು ಮತ್ತು ಮೂಲೆ ಮನೆಯವರು ಮಾತ್ರ ಅಂತಲೂ ಹೇಳಿದರು. ಯಾವ ಮನೆಯ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು ಅವರಿಗೆ ಬಾಯಿಪಾಠ.

ನನಗೆ ಆಗಲೇ ಮೊದಲ ಕಾದಂಬರಿಯ ಆರಂಭ ಪೂರ್ತಿ ಅರ್ಥವಾದದ್ದು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಎರಿಕಾ ಊರಿಗೆ ಬಂದಿರುತ್ತಾಳೆ. ತಂಗಿಯ ಗಂಡನಿಗೆ ಆ ಮನೆ ಮಾರಿ ದುಡ್ಡು ಮಾಡುವ ತರಾತುರಿ. ಅದೇ ಹೊತ್ತಿಗೆ ಅವಳ ಬಾಲ್ಯದ ಗೆಳತಿಯ ಹೆಣ ಸಿಗುತ್ತದೆ, ಬಚ್ಚಲಿನ ತೊಟ್ಟಿಯಲ್ಲಿ, ಹೆಪ್ಪುಗಟ್ಟಿದ ನೀರಿನಲ್ಲಿ. ಅದು ವಾರಾಂತ್ಯಕ್ಕೆ ಮಾತ್ರ ಜನ ಬರುವ ಮನೆ. ಹೆಣ ಕಾಣುವುದು ಖಾಲಿ ಮನೆ ನೋಡಿಕೊಳ್ಳಲು ಬರುವ ಊರಿನ ಮುದುಕನಿಗೆ. ಬೀಗ ಹಾಕಿದ ಮನೆಗಳು, ಅವುಗಳ ಬೀಗದ ಕೈ ಹಿಡಿದ ನೆರೆಯವರು, ಅಪ್ಪನ ಮನೆ ಮಾರಬೇಕೋ ಬೇಡವೋ ಎಂಬ ಜಗಳ: ಈ ಕಥೆಗಳಲ್ಲಿ ಕೊಲೆ ಹುಟ್ಟುವುದು ಇಲ್ಲಿಂದ. ಚಳಿ, ಹಿಮ, ಕತ್ತಲೆ ಅಂತ ವಿಮರ್ಶಕರು ಎಷ್ಟೇ ಬರೆಯಲಿ, ಅವು ಬರೀ ಹವಾಮಾನ ಅಷ್ಟೇ ಅನ್ನುವುದು ನನ್ನ ಅಭಿಪ್ರಾಯ.

ಭಾನುವಾರ

ಬೆಳಿಗ್ಗೆ ಕುಂಗ್ಸ್‌ಕ್ಲಿಫ್ತನ್‌ಗೆ ಹೋದೆವು. ರಾಜನ ಸೀಳು ಅಂತ ಅರ್ಥ. ವೆಟ್ಟೆಬೆರಿಯೆಟ್ ಗುಡ್ಡ ನಡುವೆ ಒಡೆದು ಆದ ಕಿರಿದಾದ ಕಂದರ. 1887ರಲ್ಲಿ ರಾಜ ಎರಡನೇ ಆಸ್ಕರ್ ಇಲ್ಲಿಗೆ ಬಂದ ಮೇಲೆ ಈ ಹೆಸರು ಬಂತು. ಅವನ ಸಹಿ ಬಂಡೆಯ ಮೇಲೆ ಈಗಲೂ ಇದೆ.

ಒಳಗೆ ಕಾಲಿಟ್ಟ ಕೂಡಲೇ ಗಾಳಿ ನಿಂತಿತು. ಎರಡೂ ಕಡೆ ನೆಟ್ಟಗೆ ಗೋಡೆ. ಕೆಳಗೆ ಒದ್ದೆ ಕಲ್ಲು, ಪಾಚಿ. ಬಂಡೆಯಲ್ಲೇ ಮಾಡಿದ ಮೆಟ್ಟಿಲುಗಳು ಸವೆದು ಜಾರುತ್ತವೆ. ತಲೆ ಎತ್ತಿದರೆ ಭಾರಿ ಬಂಡೆಗಳು ಎರಡು ಗೋಡೆಗಳ ನಡುವೆ ಸಿಕ್ಕಿಹಾಕಿಕೊಂಡು ತೂಗುತ್ತಿವೆ. ಅವುಗಳ ಅಡಿಯಲ್ಲೇ ನಡೆಯಬೇಕು. ಅಕ್ಕ ಒಂದು ಬಂಡೆಯ ಕೆಳಗೆ ನಿಂತು ಎರಡನೇ ಕಾದಂಬರಿಯ ಮೊದಲ ಪುಟಗಳನ್ನು ಫೋನಿನಲ್ಲಿ ಓದಿದಳು. ಆಟ ಆಡಲು ಬೆಳ್ಳಂಬೆಳಿಗ್ಗೆ ಮನೆಯಿಂದ ಹೊರಬಿದ್ದ ಪುಟ್ಟ ಹುಡುಗನಿಗೆ ಇಲ್ಲಿ ಒಬ್ಬ ಯುವತಿಯ ಹೆಣ ಕಾಣುತ್ತದೆ. ಪೊಲೀಸರು ಅದನ್ನು ಎತ್ತಿದರೆ ಅಡಿಯಲ್ಲಿ ಇನ್ನೂ ಎರಡು ಅಸ್ಥಿಪಂಜರ. 1979ರಲ್ಲಿ ಕಾಣೆಯಾದ ಇಬ್ಬರು ಹುಡುಗಿಯರವು. ಓದುವಾಗ ನಾನು ಇದನ್ನು ಯಾವುದೋ ದೂರದ ಕಾಡು ಅಂದುಕೊಂಡಿದ್ದೆ. ಹಾಗಲ್ಲ. ಇಲ್ಲಿಂದ ಊರಿನ ಚೌಕಕ್ಕೆ ಕೆಲವೇ ನಿಮಿಷ. ಕೆಳಗೆ ಯಾರೋ ಮರದ ಹಲಗೆಗೆ ಮೊಳೆ ಹೊಡೆಯುವ ಸದ್ದು ಕೂಡ ಕೇಳುತ್ತಿತ್ತು. ಅಷ್ಟು ಹತ್ತಿರದಲ್ಲಿ ಇಂಥದ್ದು ನಡೆಯಿತು, ಅಂದರೆ ಯಾರಾದರೂ ಏನಾದರೂ ಕಂಡಿರಲೇಬೇಕು. ಲೆಕ್‌ಬರ್ಗ್ ಓದುಗರನ್ನು ಹಿಡಿದಿಡುವುದು ಇದರಿಂದಲೇ.

ಬೇಸಿಗೆಯಲ್ಲಿ ಗೈಡ್ ಜೊತೆ ಕಾದಂಬರಿಯ ಜಾಗಗಳನ್ನು ತೋರಿಸುವ ನಡಿಗೆ ಇರುತ್ತದೆ. ನಾವೇ ಸುಮ್ನೆ ಸುತ್ತಿದ್ದು ನನಗೆ ಹೆಚ್ಚು ಇಷ್ಟವಾಯಿತು.

ಮರದ ಮೆಟ್ಟಿಲು ಹತ್ತಿ ಗುಡ್ಡದ ನೆತ್ತಿಗೆ ಬಂದರೆ ಇಡೀ ಕತೆ ಒಂದೇ ನೋಟಕ್ಕೆ ಸಿಗುತ್ತದೆ. ಪಶ್ಚಿಮಕ್ಕೆ ನೂರಾರು ಬೋಳು ದ್ವೀಪಗಳು. ಹಿಮಯುಗದ ಮಂಜುಗಡ್ಡೆ ಉಜ್ಜಿ ನುಣುಪು ಮಾಡಿದ, ಬೂದು ಮತ್ತು ತಿಳಿಗುಲಾಬಿ ಬಣ್ಣದ ಕಲ್ಲು. ಮರ ಇಲ್ಲವೇ ಇಲ್ಲ ಅನ್ನಬೇಕು. ತೀರಾ ಆಚೆಗೆ ವೆದೆರೋ ದ್ವೀಪಗಳು. ಸೀಲ್‌ಗಳ ನೆಲೆ. ಹಿಂದೆ ಹಡಗುಗಳಿಗೆ ದಾರಿ ತೋರಿಸುವ ಪೈಲಟ್‌ಗಳು ಅಲ್ಲಿ ವಾಸವಿದ್ದರು.

ಈ ಊರಿನ ಸಿರಿವಂತಿಕೆ, ಬಡತನ ಎರಡೂ ಬಂದದ್ದು ಈ ನೀರಿನಿಂದ. ಬೋಹುಸ್ಲೆನ್ ಅಂತ ಕರೆಯುವ ಈ ಕರಾವಳಿಗೆ 1747ರಿಂದ 1809ರವರೆಗೆ ಹೆರಿಂಗ್ ಮೀನು ಲೆಕ್ಕವಿಲ್ಲದಷ್ಟು ಬಂತು. ತಿಂದು, ಉಪ್ಪು ಹಾಕಿ ಮುಗಿಯದೆ ಉಳಿದದ್ದನ್ನು ಕುದಿಸಿ ಎಣ್ಣೆ ತೆಗೆದರು. ಆ ಎಣ್ಣೆ ಪ್ಯಾರಿಸ್ಸಿನ ಬೀದಿದೀಪಗಳಲ್ಲಿ ಉರಿಯಿತು. ಆಮೇಲೆ ಮೀನು ಬರುವುದೇ ನಿಂತಿತು. ಕರಾವಳಿ ತುಂಬ ಬಡತನ. 19ನೇ ಶತಮಾನದ ನಡುವಿನಿಂದ ಗ್ರಾನೈಟ್ ಕೈ ಹಿಡಿಯಿತು. ಕಲ್ಲು ಒಡೆದು ಬೀದಿಗೆ ಹಾಸುವ ಕಲ್ಲು ಮಾಡಿ ಹಡಗಿಗೆ ತುಂಬಿದರು. ಊರ ಮೇಲೆ ನಿಂತಿರುವ 1892ರ ಚರ್ಚೂ ಅದೇ ಗ್ರಾನೈಟಿನದ್ದು. 1930ರ ದಶಕದಲ್ಲಿ ಕಲ್ಲಿನ ವ್ಯಾಪಾರವೂ ಕುಸಿಯಿತು. ಡಬ್ಬಿಯಲ್ಲಿ ಮೀನು ತುಂಬುವ ಕಾರ್ಖಾನೆಗಳು ಒಂದಷ್ಟು ಕಾಲ ನಡೆದವು. ಈಗ ಬೇಸಿಗೆಯ ಅತಿಥಿಗಳು.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ಲೆಕ್‌ಬರ್ಗ್ ಕಥೆಗಳಲ್ಲಿ ಯಾರು ಯಾರಿಗೆ ಹೆದರುತ್ತಾರೆ ಅನ್ನುವುದು ಈ ಲೆಕ್ಕದ ಮೇಲೆಯೇ ನಿಂತಿದೆ. ಮೊದಲ ಪುಸ್ತಕದಲ್ಲಿ ಊರಿನ ದೊಡ್ಡ ಕುಟುಂಬ ಅಂದರೆ ಮೀನಿನ ಕಾರ್ಖಾನೆಯ ಒಡೆಯರು. ಮೂರನೆಯದರಲ್ಲಿ ಹಿಂದಿನ ಕಾಲದ ಕಥೆ ಬರುವುದು ಒಬ್ಬ ಕಲ್ಲುಕುಟಿಗನದ್ದು. ಕೂಲಿ ಕೊಡುವವರ ಮನೆಯ ಗುಟ್ಟನ್ನು ಕೂಲಿ ತಗೊಳ್ಳುವವರು ಹೊರಗೆ ಹೇಳುವುದಿಲ್ಲ. ಹಾಗೆ ಮುಚ್ಚಿಟ್ಟ ಒಂದು ಮಾತು ಮೂವತ್ತು ವರ್ಷ ಆದ ಮೇಲೆ ಇನ್ನೊಬ್ಬರ ಜೀವ ತೆಗೆಯುತ್ತದೆ. ಕರಾವಳಿಯ ಸಣ್ಣ ಊರಿನಲ್ಲಿ ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಕೆಳಗೆ ಬಂದರಿನ ಹತ್ತಿರದ ಚೌಕಕ್ಕೆ ಇಂಗ್ರಿಡ್ ಬರ್ಗ್‌ಮನ್ ಹೆಸರಿದೆ. ಆ ದೊಡ್ಡ ನಟಿ 1958ರಲ್ಲಿ ನಾಟಕ ನಿರ್ಮಾಪಕ ಲಾರ್ಸ್ ಶ್ಮಿಟ್ ಅವರನ್ನು ಮದುವೆಯಾದ ಮೇಲೆ ಬೇಸಿಗೆಗಳನ್ನು ಇಲ್ಲಿನ ದಾನ್‌ಹೋಲ್ಮೆನ್ ದ್ವೀಪದಲ್ಲಿ ಕಳೆಯುತ್ತಿದ್ದರು. ಅವರ ಪುತ್ಥಳಿ ಸಮುದ್ರದ ಕಡೆ ಮುಖ ಮಾಡಿದೆ. ಸುತ್ತ ಅವರದೇ ಹೆಸರಿನ ಕೆಂಪು ಗುಲಾಬಿ. ಸೆಪ್ಟೆಂಬರ್ ಕೊನೆಯಲ್ಲೂ ಒಂದೆರಡು ಹೂವಿದ್ದವು.

ಸೋಮವಾರ

ಸ್ವೀಡನ್ನಿನಲ್ಲಿ ಲಾಬ್‌ಸ್ಟರ್ ಹಿಡಿಯಲು ಶುರು ಮಾಡುವುದು ಸೆಪ್ಟೆಂಬರ್ 20ರ ನಂತರದ ಮೊದಲ ಸೋಮವಾರ, ಬೆಳಿಗ್ಗೆ ಏಳು ಗಂಟೆಗೆ. ಒಂದು ನಿಮಿಷ ಮುಂಚೆಯೂ ಬೋನು ನೀರಿಗೆ ಬೀಳುವಂತಿಲ್ಲ. ಕಾವಲು ದೋಣಿಗಳು ತಿರುಗುತ್ತಿರುತ್ತವೆ. ಹವ್ಯಾಸಕ್ಕೆ ಹಿಡಿಯುವವರಿಗೆ ತಲಾ ಆರೇ ಬೋನು. ಪ್ರತಿ ಬೋನಿನಲ್ಲಿ 54 ಮಿಲಿಮೀಟರ್ ಅಗಲದ ಗುಂಡನೆಯ ಕಿಂಡಿಗಳು ಇರಲೇಬೇಕು, ಮರಿಗಳು ತಪ್ಪಿಸಿಕೊಂಡು ಹೋಗಲಿ ಅಂತ.

ನಾವು ಪ್ರವಾಸಿಗರನ್ನೂ ಕರೆದೊಯ್ಯುವ ಒಂದು ದೋಣಿ ಹತ್ತಿದೆವು. ಇನ್ನೂ ಮಬ್ಬುಗತ್ತಲು. ದಪ್ಪನೆಯ ತೇಲುವ ಉಡುಪು ತೊಡಿಸಿದರು. ಬಂದರಿನಿಂದ ಸಾಲಾಗಿ ದೋಣಿಗಳು ಹೊರಟವು. ನಿನ್ನೆ ಖಾಲಿ ಅನ್ನಿಸಿದ್ದ ಊರಿನಲ್ಲಿ ಇಷ್ಟು ಜನ ಎಲ್ಲಿದ್ದರು ಅಂತ ಆಶ್ಚರ್ಯವಾಯಿತು. ದೋಣಿಯವರು ನಕ್ಕರು. ಈ ಸೋಮವಾರ ಯಾರೂ ಮನೆಯಲ್ಲಿ ಕೂರುವುದಿಲ್ಲ, ರಜೆ ಹಾಕಿಯಾದರೂ ಬರುತ್ತಾರೆ ಅಂದರು.

ಒಂದು ಬಂಡೆ ದ್ವೀಪದ ಮಗ್ಗುಲಲ್ಲಿ ಎಂಜಿನ್ ನಿಲ್ಲಿಸಿ ಕಾದೆವು. ಸುತ್ತಲಿನ ದೋಣಿಗಳೂ ಕಾಯುತ್ತಿದ್ದವು. ಯಾರ ಬೋನು ಎಲ್ಲಿ ಅನ್ನುವುದು ಇಲ್ಲಿ ದೊಡ್ಡ ಗುಟ್ಟು. ಒಳ್ಳೆಯ ಜಾಗ ಅಪ್ಪನಿಂದ ಮಗನಿಗೆ ಬರುತ್ತದೆ, ಅದನ್ನು ಫೋಟೋ ತೆಗೆಯಬೇಡಿ ಅಂತ ದೋಣಿಯವರು ಮೊದಲೇ ಹೇಳಿದ್ದರು. ಏಳು ಹೊಡೆದದ್ದೇ ತಡ, ಎಲ್ಲ ಕಡೆಯಿಂದ ಬೋನುಗಳು ನೀರಿಗೆ ಬಿದ್ದವು. ನಮ್ಮದಕ್ಕೆ ಉಪ್ಪು ಹಾಕಿದ ಹೆರಿಂಗ್ ಕಟ್ಟಿದ್ದರು. ಅದರ ವಾಸನೆ ನನ್ನ ಕೈಗವಸಿನಿಂದ ಮರುದಿನವೂ ಹೋಗಲಿಲ್ಲ. ಹಗ್ಗ ಸರಸರನೆ ಇಳಿಯುತ್ತಾ ಹೋಯಿತು. ಕಾಲು ಹಗ್ಗದ ಸುತ್ತಿನೊಳಗೆ ಇಡಬೇಡಿ ಅಂತ ಅವರು ಅಷ್ಟು ಸಲ ಯಾಕೆ ಹೇಳಿದರು ಅಂತ ಆಗ ತಿಳಿಯಿತು. ಕೊನೆಗೆ ಹೆಸರು ಬರೆದ ತೇಲುಬುರುಡೆ ಮಾತ್ರ ನೀರಿನ ಮೇಲೆ ಉಳಿಯಿತು.

ಹಿಂತಿರುಗುವಾಗ ದಾನ್‌ಹೋಲ್ಮೆನ್ ಪಕ್ಕದಲ್ಲೇ ಬಂದೆವು. ಇಂಗ್ರಿಡ್ ಬರ್ಗ್‌ಮನ್ 1982ರ ಆಗಸ್ಟ್ 29ರಂದು, ತಮ್ಮ 67ನೇ ಹುಟ್ಟುಹಬ್ಬದ ದಿನವೇ, ಲಂಡನ್ನಿನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಈ ನೀರಿನಲ್ಲಿ ಬಿಟ್ಟರು. ದೋಣಿಯವರು ವೇಗ ಕಡಿಮೆ ಮಾಡಿ ಟೋಪಿ ತೆಗೆದರು. ಯಾವಾಗಲೂ ಹಾಗೆ ಮಾಡುತ್ತಾರಂತೆ.

ಮಧ್ಯಾಹ್ನ ಬಸ್ಸಿನಲ್ಲಿ ತಾನುಮ್ಸ್‌ಹೇಡೆಗೆ ಹೋದೆವು. ಕಾದಂಬರಿಯ ಪ್ಯಾಟ್ರಿಕ್ ಕೆಲಸ ಮಾಡುವ ಪೊಲೀಸ್ ಠಾಣೆ ಇರುವ ಊರಿದು. ಹೆದ್ದಾರಿ ಬದಿಯ ಸಾಧಾರಣ ಪೇಟೆ. ನೋಡಲು ಏನೂ ಇಲ್ಲ, ಆದರೂ ನನಗೆ ನೋಡಬೇಕಿತ್ತು. ಒಂದು ಬೇಕರಿಯಲ್ಲಿ ಏಲಕ್ಕಿ ಬನ್ನು, ಕಾಫಿ. ಈ ಕಾದಂಬರಿಗಳಲ್ಲಿ ಪೊಲೀಸರು ಬನ್ನು ತಿನ್ನದ ಅಧ್ಯಾಯ ಸಿಗುವುದು ಕಷ್ಟ.

ಕಾಫಿ ಕುಡಿಯುತ್ತಾ ಅಕ್ಕನಿಗೂ ನನಗೂ ಕಾನೂನಿನ ಬಗ್ಗೆ ಮಾತು ಬಂತು. ಸ್ವೀಡನ್ನಿನಲ್ಲಿ ಮೊದಲು ಕೊಲೆ ನಡೆದು 25 ವರ್ಷ ದಾಟಿದರೆ ಮೊಕದ್ದಮೆ ಹೂಡುವಂತಿರಲಿಲ್ಲ. 2010ರ ಜುಲೈ 1ರಂದು ಆ ಮಿತಿ ತೆಗೆದುಹಾಕಿದರು. 1985ರ ಜುಲೈ 1ರ ನಂತರದ ಕೊಲೆಗಳಿಗೆ ಹೊಸ ನಿಯಮ. ಪ್ರಧಾನಿ ಉಲೋಫ್ ಪಾಲ್ಮೆ ಅವರ ಹತ್ಯೆ ಆದದ್ದು 1986ರ ಫೆಬ್ರವರಿಯಲ್ಲಿ, ಹಾಗಾಗಿ ಆ ತನಿಖೆ 2020ರವರೆಗೂ ನಡೆಯಲು ಸಾಧ್ಯವಾಯಿತು. ಈಗ ಆ ಎರಡನೇ ಕಾದಂಬರಿ ನೆನಪಿಸಿಕೊಳ್ಳಿ. 1979ರ ಕೊಲೆಗಳು, ಪತ್ತೆಯಾಗುವುದು 25 ವರ್ಷ ತುಂಬುವ ಹೊಸ್ತಿಲಲ್ಲಿ. ಹಳೆಯ ಪಾಪ ಇನ್ನೇನು ಕೈ ತಪ್ಪಿಹೋಗುತ್ತದೆ ಎಂಬ ಆತುರ ಆ ಕಾಲದ ಸ್ವೀಡಿಷ್ ಓದುಗರಿಗೆ ಹೇಳದೆಯೇ ತಿಳಿಯುತ್ತಿತ್ತು. ನಮ್ಮ ಕಡೆಯ ಓದುಗರಿಗೆ ಅದು ದಕ್ಕುವುದು ಕಷ್ಟ, ಅಲ್ವಾ? ಇಂಥ ಪುಸ್ತಕ ಕನ್ನಡಕ್ಕೆ ತರುವವರು ಒಂದು ಅಡಿಟಿಪ್ಪಣಿ ಕೊಟ್ಟರೆ ಒಳ್ಳೆಯದು ಅನ್ನಿಸಿತು.

ಇನ್ನೊಂದು ವಿಷಯ. ಒಂದು ಕೋಟಿಗಿಂತ ಸ್ವಲ್ಪ ಜಾಸ್ತಿ ಜನ ಇರುವ ಇಡೀ ಸ್ವೀಡನ್ನಿನಲ್ಲಿ ವರ್ಷಕ್ಕೆ ಆಗುವ ಕೊಲೆಗಳು ನೂರರ ಆಸುಪಾಸು. ಅವುಗಳಲ್ಲಿ ಗುಂಡು ಹಾರಿಸಿದ ಪ್ರಕರಣಗಳ ಸುದ್ದಿ ಬರುವುದು ಬಹುತೇಕ ದೊಡ್ಡ ನಗರಗಳಿಂದ. ಕಾದಂಬರಿ ನಂಬಿ ಈ ಕಡೆ ಬರಲು ಹೆದರುವವರಿದ್ದರೆ ಹೆದರಬೇಡಿ. ಇಲ್ಲಿ ರಾತ್ರಿ ಹೊತ್ತು ಒಬ್ಬರೇ ನಡೆದಾಡಬಹುದು.

ತಾನುಮ್ಸ್‌ಹೇಡೆ ಬಳಿಯೇ ವಿತ್ಲಿಕೆ ಇದೆ. 1994ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಂಚಿನ ಯುಗದ ಶಿಲಾಚಿತ್ರಗಳು. ಇಳಿಜಾರು ಬಂಡೆಯ ಮೇಲೆ ಹಡಗುಗಳು, ಪ್ರಾಣಿಗಳು, ತಬ್ಬಿಕೊಂಡ ಗಂಡು ಹೆಣ್ಣು, ಅವರ ಪಕ್ಕದಲ್ಲೇ ಕೊಡಲಿ ಎತ್ತಿ ನಿಂತ ದೊಡ್ಡ ಗಂಡಸು. ಕಾಣಲಿ ಅಂತ ಈಗಿನವರು ಕೆಂಪು ಬಣ್ಣ ತುಂಬಿದ್ದಾರೆ. ಕೊಡಲಿಯವನು ಆ ಜೋಡಿಯನ್ನು ಹರಸುತ್ತಿದ್ದಾನೋ ಹೊಡೆಯಲು ಬಂದನೋ ಅಂತ ಅಕ್ಕ ಕೇಳಿದಳು. ಮದುವೆಯ ವಿಧಿ ಅನ್ನುವವರೇ ಜಾಸ್ತಿ. ಇಲ್ಲಿಂದ ಸಮುದ್ರ ಈಗ ಕಿಲೋಮೀಟರುಗಟ್ಟಲೆ ದೂರ. ಆಗ ನೀರು ಈ ಬಯಲಿನ ಹತ್ತಿರದವರೆಗೂ ಇತ್ತು. ಹಿಮಯುಗದ ಭಾರ ಕಳೆದುಕೊಂಡ ನೆಲ ನಿಧಾನವಾಗಿ ಮೇಲೆದ್ದು ಸಮುದ್ರವನ್ನು ಹಿಂದೆ ತಳ್ಳಿದೆ. ಬಂಡೆಯ ಮೇಲೆ ಇಷ್ಟೊಂದು ಹಡಗು ಯಾಕೆ ಅಂತ ಆಗ ತಿಳಿಯುತ್ತದೆ.

ಮಂಗಳವಾರ

ಬೋನು ಎತ್ತುವ ದಿನ. ಗಾಳಿ ಜೋರಾಗಿತ್ತು. ದೋಣಿ ಒಂದೇ ಸಮನೆ ಕುಪ್ಪಳಿಸುತ್ತಿತ್ತು. ಅಕ್ಕನಿಗೆ ಮಾತು ನಿಂತುಹೋಗಿತ್ತು.

ಮೂರನೇ ಕಾದಂಬರಿ ಶುರುವಾಗುವುದೇ ಹೀಗೆ. ಲಾಬ್‌ಸ್ಟರ್ ಹಿಡಿಯಲು ಹೋದ ಮೀನುಗಾರ ಹಗ್ಗ ಎಳೆಯುತ್ತಾನೆ. ಭಾರ ಎಂದಿನಂತಿಲ್ಲ. ಮೇಲೆ ಬರುವುದು ಒಂದು ಪುಟ್ಟ ಹುಡುಗಿಯ ಹೆಣ. ಮುಳುಗಿ ಸತ್ತಳು ಅಂದುಕೊಳ್ಳುವಾಗ, ಶ್ವಾಸಕೋಶದಲ್ಲಿದ್ದದ್ದು ಸಮುದ್ರದ ನೀರಲ್ಲ, ಸೋಪು ಬೆರೆತ ಸ್ನಾನದ ನೀರು ಅಂತ ಗೊತ್ತಾಗುತ್ತದೆ. ಅಂದರೆ ಕೊಲೆ ನಡೆದದ್ದು ಯಾರದೋ ಮನೆಯೊಳಗೆ. ಮತ್ತೆ ಮನೆಯೇ.

ದೋಣಿಯವರು ಮೊದಲ ಹಗ್ಗವನ್ನು ರಾಟೆಗೆ ಸಿಕ್ಕಿಸಿದಾಗ ನಾನು ಆ ಪುಟ ನೆನೆದು ದೋಣಿಯ ಅಂಚು ಗಟ್ಟಿಯಾಗಿ ಹಿಡಿದೆ. ಹಗ್ಗದಿಂದ ನೀರು ಸೋರುತ್ತಿತ್ತು. ಬೋನು ಮೊದಲು ಹಸಿರು ನೆರಳಾಗಿ ಕಂಡಿತು, ಆಮೇಲೆ ಒಮ್ಮೆಗೇ ಮೇಲೆ ಬಂತು. ಒಳಗೆ ಏಡಿಗಳು ಮಾತ್ರ. ಎರಡನೆಯದರಲ್ಲಿ ಒಂದು ಲಾಬ್‌ಸ್ಟರ್. ಜೀವಂತ ಲಾಬ್‌ಸ್ಟರ್ ಕೆಂಪಗಿರುವುದಿಲ್ಲ, ಕಡುನೀಲಿ, ಬಹುತೇಕ ಕಪ್ಪು. ಬೆಂದ ಮೇಲಷ್ಟೇ ಕೆಂಪು. ದೋಣಿಯವರು ಅಳತೆಪಟ್ಟಿ ತೆಗೆದರು. ಕಣ್ಣಿನ ಗುಳಿಯ ಹಿಂಬದಿಯಿಂದ ಬೆನ್ನಿನ ಚಿಪ್ಪಿನ ತುದಿಯವರೆಗೆ 9 ಸೆಂಟಿಮೀಟರ್ ಇರಬೇಕು. ಇದು ಕೂದಲೆಳೆಯಷ್ಟು ಕಡಿಮೆ. ಇನ್ನೊಮ್ಮೆ ಅಳೆದು ನೀರಿಗೆ ಬಿಟ್ಟರು.

ಮುಂದಿನದು ದೊಡ್ಡದು. ತಿರುಗಿಸಿ ಹಿಡಿದರೆ ಬಾಲದ ಅಡಿ ಪೂರ್ತಿ ಕಪ್ಪು ಮೊಟ್ಟೆ, ಮಾಗಿದ ನೇರಳೆ ಗೊಂಚಲಿನ ಹಾಗೆ ಹೊಳೆಯುತ್ತಿತ್ತು. ಮೊಟ್ಟೆ ಹೊತ್ತ ಹೆಣ್ಣನ್ನು ಇಟ್ಟುಕೊಳ್ಳುವಂತಿಲ್ಲ. ಅದನ್ನು ಅವರು ಎಸೆಯಲಿಲ್ಲ. ಬಗ್ಗಿ, ಕೈಯನ್ನು ಮೊಣಕೈವರೆಗೆ ತಣ್ಣೀರಿಗೆ ಇಳಿಸಿ, ಮೆಲ್ಲಗೆ ಬಿಟ್ಟರು. ಕೊನೆಯ ಬೋನಿನಲ್ಲಿ ಅಳತೆ ಸರಿಯಾದ ಒಂದು ಸಿಕ್ಕಿತು. ಕೊಂಡಿಗಳಿಗೆ ರಬ್ಬರ್ ಹಾಕಿ ಒದ್ದೆ ಚೀಲದಡಿ ಇಟ್ಟರು. ಇಷ್ಟೇನಾ ಅಂತ ಅಕ್ಕ ಕೇಳಿದಳು. ಅವರ ಅಜ್ಜನ ಕಾಲದಲ್ಲಿ ಹೀಗಿರಲಿಲ್ಲವಂತೆ. ನಿಯಮ ಬಿಗಿ ಮಾಡಿದ್ದು ಒಳ್ಳೆಯದೇ ಆಯಿತು, ಇನ್ನೂ ಬಿಗಿ ಮಾಡಲಿ ಅಂತ ಅವರು ಹೇಳಿದಾಗ ನನಗೆ ಅವರ ಮೇಲೆ ಗೌರವ ಹೆಚ್ಚಿತು.

ದಡದಲ್ಲಿ ಬಿಸಿ ಮೀನಿನ ಸೂಪು ಕುಡಿಯುವಾಗ ಕಾದಂಬರಿಗಳ ಬಗ್ಗೆ ಕೇಳಿದೆ. ಓದಿದ್ದೀನಿ, ನನ್ನ ಹೆಂಡತಿ ನನಗಿಂತ ಮೊದಲು ಓದಿ ಕೊಲೆಗಾರನ ಹೆಸರು ಹೇಳಿಬಿಡುತ್ತಾಳೆ ಅಂದರು. ಊರಿಗೆ ಕೆಟ್ಟ ಹೆಸರು ಬಂತು ಅಂತ ಬೇಜಾರಿಲ್ಲವಾ? ಇಲ್ಲವೇ ಇಲ್ಲವಂತೆ. ಕೊಲೆಯಿಂದ ಬರುವ ಪ್ರವಾಸಿಗರು ಅಕ್ಟೋಬರ್‌ನಲ್ಲೂ ಬರುತ್ತಾರೆ, ಹೋಟೆಲು ತೆರೆದಿರುತ್ತದೆ. ಮಾರಿಹೋದ ಮನೆಗಳದ್ದೇ ತಮಗೆ ಚಿಂತೆ ಅಂದರು. ಇಲ್ಲಿ ಕೆಲಸ ಮಾಡುವ ಚಿಕ್ಕ ವಯಸ್ಸಿನವರು ಈ ಬೆಲೆಗೆ ಮನೆ ಕೊಳ್ಳುವುದು ಹೇಗೆ, ಜನವೇ ಇಲ್ಲದಿದ್ದರೆ ಶಾಲೆ ನಡೆಯುವುದು ಹೇಗೆ ಅಂತ ಕೇಳಿದರು. ಎರಿಕಾ ತನ್ನ ಮನೆ ಮಾರದೆ ಉಳಿಸಿಕೊಂಡದ್ದು ಆ ಪುಸ್ತಕಗಳಲ್ಲಿ ಅವರಿಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ನನಗೂ ಹಾಗೆಯೇ.

ಹೊರಡುವಾಗ, ಮುಂದಿನ ಸಲ ಫೆಬ್ರವರಿಯಲ್ಲಿ ಬನ್ನಿ, ಆಗ ಟೈಮರ್ ದೀಪ ಯಾವುದು, ನಿಜದ ದೀಪ ಯಾವುದು ಅಂತ ನಾನೇ ತೋರಿಸುತ್ತೇನೆ ಅಂದರು. ಅಕ್ಕ ರೈಲಿನಲ್ಲಿ ಕೂತೇ ಫೆಬ್ರವರಿಯ ರಜೆಗೆ ಅರ್ಜಿ ಕಳಿಸಿದಳು. ನಾನು ಮೂರನೇ ಪುಸ್ತಕ ಮತ್ತೆ ಮೊದಲಿನಿಂದ ಹಿಡಿದೆ. ಮೀನುಗಾರ ಹಗ್ಗ ಎಳೆಯುವ ಸಾಲುಗಳನ್ನು ಈ ಸಲ ನಿಧಾನವಾಗಿ ಓದಿದೆ. ಆ ಹಗ್ಗದಲ್ಲಿ ಎಷ್ಟು ಭಾರ ಇರಬೇಕು, ಎಷ್ಟು ಇರಬಾರದು ಅಂತ ಈಗ ನನ್ನ ಕೈಗೆ ಗೊತ್ತು.